ಮನೆದೇವರು ಯಾವುದಮ್ಮ?

ಪಟ್ಟಣಕ್ಕೆ ಬಂದವರಿಗೆ ಜಾತಿಯ ಕಾಟ ತಪ್ಪುತ್ತದೆಯೇ? ಬೀದಿ ಬೀದಿ ಸುತ್ತಿ ಇದನ್ನು ಬರೆಯಲೆಂದು ಹೊಸ ವರದಿಗಾರರಿಗೆ ಒಂದು ಫೆಲೋಶಿಪ್ ಇದೆಯೆಂದು ಗೊತ್ತಾದಾಗ ನಾನು ಆಂಧ್ರದ ಕಲ್ಯಾಣದುರ್ಗದಿಂದ ತೆಲುಗು ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸಿಕೊಂಡು ಇದ್ದೆ. ಸುದ್ದಿಯೆಂದರೆ ಏನು, ನಾಯಕರು ಬಂದರು, ರಿಬ್ಬನ್ ಕತ್ತರಿಸಿದರು, ಹೋದರು. ಬೇಸತ್ತು ಅರ್ಜಿ ಹಾಕಿದೆ. ಅದೇ ಪತ್ರಿಕೆಗೆ ಕಂಬದೂರಿನಿಂದ ಬರೆಯುತ್ತಿದ್ದ ನನ್ನ ಗೆಳತಿಯನ್ನೂ ಪೀಡಿಸಿ ಅರ್ಜಿ ಹಾಕಿಸಿದೆ. ಇಬ್ಬರಿಗೂ ಸಿಕ್ಕಿತು. ಹಿಂದೂಪುರದಲ್ಲೇ ಉಳಿದು ಬರೆಯಬೇಕೆಂಬುದು ಷರತ್ತು.

ನನಗಿಂತ ಅವಳಿಗೆ ಇದು ಹೆಚ್ಚು ಬೇಕಾಗಿತ್ತು. ಮನೆಯಲ್ಲಿ ಗಂಡು ನೋಡುತ್ತಿದ್ದರು. ಹಿಂದೂಪುರದಲ್ಲಿ ಮರ್ಯಾದಸ್ಥರ ಮನೆಯಲ್ಲಿ ರೂಮು ಸಿಕ್ಕರೆ ಸರಿ, ಇಲ್ಲದಿದ್ದರೆ ಪೇಪರು ಗೀಪರು ಬಿಟ್ಟು ಮದುವೆಗೆ ಒಪ್ಪಿಕೋ ಎಂದು ಅಪ್ಪ ಹೇಳಿಬಿಟ್ಟಿದ್ದರು.

“ರೂಮಿನ ಚಿಂತೆ ಬಿಡೇ. ನಮ್ಮತ್ತೆ ಮನೆ ಮಾಳಿಗೆ ರೂಮು ಖಾಲಿ ಬಿದ್ದದೆ,” ಎಂದು ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡದಾಗಿ ಹೇಳಿ ಅವಳನ್ನು ಬಸ್ಸು ಹತ್ತಿಸಿದೆ.

ನಮ್ಮದು ನೇಯ್ಗೆಯವರ ಮನೆತನ. ಹಿಂದೂಪುರದ ಸೋದರತ್ತೆಯ ಮನೆಯಲ್ಲಿ ಈಗಲೂ ಮುಂದಿನ ಕೋಣೆಯಲ್ಲಿ ಮಗ್ಗವಿದೆ. ಬಾಗಿಲಿಗೆ ಬಂದ ಯಾರನ್ನೂ ಅತ್ತೆ ಹಸಿದ ಹೊಟ್ಟೆಯಲ್ಲಿ ಕಳಿಸಿದವರಲ್ಲ. ಹೋದ ಕೂಡಲೇ ಮುದ್ದೆ, ಹುರುಳಿಕಾಳು ಸಾರು ಬಡಿಸಿದರು. “ಇನ್ನೊಂಚೂರು ಹಾಕ್ಕಳಮ್ಮ, ಗಾಳಿಗೆ ಹಾರೋಯ್ತೀಯ,” ಎಂದು ಗೆಳತಿಯ ತಟ್ಟೆಗೆ ತಾವೇ ತುಪ್ಪ ಹಾಕಿದರು. ಅವಳ ಊಟ ಮುಗಿಯುತ್ತಿದ್ದಂತೆ, ನಮ್ಮ ಕಡೆ ಹೊಸಬರಿಗೆ ಎಲ್ಲರೂ ಹಾಕುವ ಪ್ರಶ್ನೆಯನ್ನೇ ಕೇಳಿದರು.

“ನಿಮ್ಮ ಮನೆದೇವ್ರು ಯಾವ್ದಮ್ಮ?”

ಜಾತಿ ಯಾವುದೆಂದು ಬಾಯಿಬಿಟ್ಟು ಕೇಳುವುದು ಒರಟುತನ. ಮನೆದೇವರನ್ನು ಕೇಳಿದರೆ ಭಕ್ತಿಯೂ ಆಯಿತು, ಬೇಕಾದ್ದೂ ತಿಳಿಯಿತು.

“ನಮ್ಮ ಕಾಲೋನಿ ಮಾರೆಮ್ಮ ಕಣಮ್ಮ,” ಎಂದಳು ಅವಳು. ನಮ್ಮ ಕಡೆ ಕಾಲೋನಿ ಎಂದರೆ ಊರಾಚೆಯ ದಲಿತರ ಕೇರಿ.

ಅವಳ ತಟ್ಟೆ ಎತ್ತಲು ಬಗ್ಗಿದ್ದ ಅತ್ತೆ ಹಾಗೇ ನೆಟ್ಟಗೆ ನಿಂತರು. “ನೀನೇ ತೊಳೆದಿಟ್ಬುಡಮ್ಮ,” ಎಂದರು. ದನಿಯೇನೂ ಒರಟಾಗಿರಲಿಲ್ಲ. ಅವಳು ತೊಳೆದು, ಯಾರೂ ಹೇಳದಿದ್ದರೂ ತಟ್ಟೆಯನ್ನು ಹಿತ್ತಲ ಕಟ್ಟೆಯ ಮೇಲೆ ಬೇರೆಯಾಗಿ ಬೋರಲು ಹಾಕಿದಳು.

ಅತ್ತೆ ನನ್ನನ್ನು ಮಗ್ಗದ ಕೋಣೆಗೆ ಕರೆದರು. “ನನ್ಗೇನಿಲ್ಲ ಕಣೇ. ಬೀದಿನೋರು ಸುಮ್ಕಿರ್ತಾರಾ? ಮಾಳಿಗೆಗೆ ನೆಂಟರು ಬತ್ತಾರೆ ಅಂದ್ಬುಡು.”

“ಯಾವ ನೆಂಟ್ರು ಅತ್ತೆ? ನಾನೇ ಅಲ್ವಾ ನಿಮ್ಮ ನೆಂಟ್ರು?” ಮೆತ್ತಗೆ ಮಾತಾಡುವುದು ನನಗೆ ಹುಟ್ಟಿದಾಗಿನಿಂದ ಬರುವುದಿಲ್ಲ. ತಾವು ಮದುವೆಯಾಗಿ ಈ ಊರಿಗೆ ಬಂದಾಗ ಮಗ್ಗದ ಸದ್ದಿಗೆ ಹೆದರಿ ಯಾರೂ ಬಾಡಿಗೆಗೆ ಮನೆ ಕೊಡಲಿಲ್ಲವೆಂದು ಅತ್ತೆ ಎಷ್ಟು ಸಲ ಕಣ್ಣೊರೆಸಿಕೊಂಡು ಹೇಳಿದ್ದರು! ಅದನ್ನೂ ಎತ್ತಿ ಆಡಿದೆ. “ಅದೇ ಬೇರೆ, ಇದೇ ಬೇರೆ,” ಎಂದರು. ನಾನು ಹೊರಗೆ ಬರುವಷ್ಟರಲ್ಲಿ ಗೆಳತಿ ಚಪ್ಪಲಿ ಮೆಟ್ಟಿದ್ದಳು. ನಾನೂ ಚೀಲ ಎತ್ತಿಕೊಂಡೆ.

ಆಮೇಲೆ ಬೀದಿ ಬೀದಿ ಅಲೆದೆವು. ಒಂದು ಕಡೆ ಮನೆದೇವರು, ಇನ್ನೊಂದು ಕಡೆ ತೆಲುಗಿನಲ್ಲಿ ಮನೆತನದ ಹೆಸರು, “ಇಂಟಿ ಪೇರು ಏಮಮ್ಮಾ?” ಉತ್ತರ ಕೇಳಿದ ಮೇಲೆ ಎಲ್ಲ ಮನೆಗೂ ನೆಂಟರು ಬರುವವರೇ. ಫೆಲೋಶಿಪ್ಪಿನ ಹಿರಿಯರೊಬ್ಬರು ಫೋನಿನಲ್ಲಿ ಇದನ್ನೆಲ್ಲ ಕೇಳಿ, “ಒಳ್ಳೇ ವಸ್ತು, ಇದನ್ನೇ ಬರೀರಿ,” ಎಂದರು. “ಕೂತ್ಕಂಡು ಬರಿಯಾಕೆ ಜಾಗ ಬೇಕಲ್ಲ ಸಾರ್,” ಎಂದಳು ಅವಳು. ಊರಿನಿಂದ ಅವಳ ಅಪ್ಪನ ಫೋನೂ ಬರುತ್ತಲೇ ಇತ್ತು, ಅವಳು ಎತ್ತುತ್ತಿರಲಿಲ್ಲ.

ಕೊನೆಗೆ ರೈಲ್ವೆ ಗೇಟಿನ ಆಚೆ ಒಬ್ಬ ಮುಸ್ಲಿಂ ಅಜ್ಜಿ ರೂಮು ತೋರಿಸಿದರು. “ನಲ್ಲಿನೀರು ದಿನಾ ಬರಾಕಿಲ್ಲ. ಬಂದಾಗ ಎದ್ದು ಹಿಡ್ಕಂತೀರಾ?” ಎಂದು ಕೇಳಿದರು. ನಾವು ಮುಂದಿನ ಪ್ರಶ್ನೆಗೆ ಕಾದು ನಿಂತೆವು. ಅವರು ಬೀಗದ ಕೈ ತರಲು ಒಳಗೆ ಹೋದರು. ಅಷ್ಟು ಹೊತ್ತೂ ಗಟ್ಟಿಯಾಗಿದ್ದ ನನ್ನ ಗೆಳತಿ ಮೆಟ್ಟಿಲ ಮೇಲೆ ಕುಳಿತು ಅತ್ತಳು. ಅತ್ತು ಮುಗಿಸಿ ಅಪ್ಪನಿಗೆ ಫೋನು ಮಾಡಿದಳು.

ಅವಳ ಮೊದಲ ಬರಹ ಬಾಡಿಗೆ ಮನೆಗಳ ಬಗ್ಗೆಯೇ. ಪತ್ರಿಕೆ ಹಿಡಿದುಕೊಂಡು ಅತ್ತೆಯ ಮನೆಗೆ ಹೋಗಿ ಜೋರಾಗಿ ಓದಿದೆ. ನನ್ನ ಸಿಟ್ಟು ಇನ್ನೂ ಆರಿರಲಿಲ್ಲ. ಮುದ್ದೆ, ತುಪ್ಪ, ತಟ್ಟೆ ಎಲ್ಲ ಅದರಲ್ಲಿತ್ತು. ಯಾರ ಮನೆಯೆಂದು ಮಾತ್ರ ಇರಲಿಲ್ಲ. ತುಪ್ಪ ಹಾಕಿದ ಕೈಯನ್ನು ತಾನು ಮರೆಯುವುದಿಲ್ಲ ಎಂದೂ ಬರೆದಿದ್ದಳು. ಅತ್ತೆ ಸುತ್ತುತ್ತಿದ್ದ ನೂಲನ್ನು ಪಕ್ಕಕ್ಕಿಟ್ಟರು.

“ಮಾಳಿಗೆ ಗುಡಿಸಿಡ್ತೀನಿ. ಕರ್ಕಂಡು ಬಾ ಅವ್ಳನ್ನ.”

ನಾನು ಓಡೋಡಿ ಬಂದು ಹೇಳಿದೆ. ಅವಳು ನಲ್ಲಿಯ ಕೆಳಗೆ ಕೊಡ ಹಿಡಿದಿದ್ದಳು. “ನಂಗೀಗ ರೂಮೈತಲ್ಲಕ್ಕ. ನನ್ನಂಗೇ ಇನ್ನೊಬ್ಳು ಬತ್ತಾಳೆ, ಅವ್ಳಿಗೆ ಕೊಡಾಕೆ ಹೇಳು. ಮನೆದೇವ್ರು ಕೇಳ್ದೆ ಕೊಡಾಕೆ ಹೇಳು.”

ಮಾರನೆಯ ದಿನ ಅತ್ತೆಗೆ ಅದನ್ನೇ ಹೇಳಿದೆ. ಅತ್ತೆ ನನ್ನ ಮುಖ ನೋಡಿದರು. ವಾದಕ್ಕೆ ನಿಂತವರಂತೆ ಇರಲಿಲ್ಲ, ನಿಜಕ್ಕೂ ತಿಳಿಯದೆ ಕೇಳಿದರು.

“ಕೇಳ್ದೆ ಹೆಂಗೆ ಕೊಡೋದೇ?”