ತೆರಿಗೆಯ ಹಾಳೆಯಲ್ಲಿ ತಂಗಿ

ಸರಕಾರ ಏನನ್ನಾದರೂ ಕೇಳಿದರೆ ನನಗೆ ಭಯವಿಲ್ಲ. ಕೊಡುತ್ತೇನೆಂದರೆ ಮಾತ್ರ ಎದೆ ಡವಡವ ಎನ್ನುತ್ತದೆ. ಆದಾಯ ತೆರಿಗೆಯಲ್ಲಿ ರಿಯಾಯಿತಿ ಎಂದು ಯಾರಾದರೂ ಅಂದರೆ, ಗೇಟಿನ ಹೊರಗೆ ನಿಂತ ಅಪರಿಚಿತನೊಬ್ಬ ನಮ್ಮ ನಾಯಿಗೆ ಬಿಸ್ಕತ್ತು ಹಾಕಿದ ಹಾಗೆ ಅನ್ನಿಸುತ್ತದೆ.

ಬೆಳ್ಳೂರಿನ ಕಡೆ ನಾನು ಕಲಿಸುವ ಶಾಲೆಯಲ್ಲಿ ಫೆಬ್ರವರಿ ಬಂತೆಂದರೆ ತೆರಿಗೆ ಲೆಕ್ಕ ಕೊಡುವ ಗಡಿಬಿಡಿ. ಸ್ಟಾಫ್‌ರೂಮಿನ ಪದ್ಧತಿ ಸರಳ: ಗಣಿತದ ಮಾಸ್ಟ್ರು ಬರೆಯುತ್ತಾರೆ, ಉಳಿದವರು ನೋಡಿ ಬರೆಯುತ್ತೇವೆ. ಇದೇ ಕೆಲಸ ಮಾಡಿದ ಮಕ್ಕಳನ್ನು ಪರೀಕ್ಷೆಯಿಂದ ಎಬ್ಬಿಸುವವರೂ ನಾವೇ ಅನ್ನಿ. ಒಂದು ವರ್ಷ ಮದುವೆಯಾಗದ ಡ್ರಾಯಿಂಗ್ ಮಾಸ್ಟ್ರು ಇಬ್ಬರು ಮಕ್ಕಳ ಶಾಲಾ ಫೀಸನ್ನೂ ಕಳೆದು ಲೆಕ್ಕ ಕೊಟ್ಟಿದ್ದರು. ಗಣಿತದ ಮಾಸ್ಟ್ರ ಹಾಳೆಯಲ್ಲಿ ಇದ್ದದ್ದೆಲ್ಲ ನಮಗೂ ಉಂಟು, ಇಲ್ಲದ್ದು ಲೋಕದಲ್ಲೇ ಇಲ್ಲ. ಅವರ ಹಾಳೆಯಲ್ಲಿ ಕಿವಿ ಕೇಳದ ತಂಗಿ ಇರಲಿಲ್ಲ. ನನ್ನ ಮನೆಯಲ್ಲಿ ಇದ್ದಳು.

ಹೊಸದಾಗಿ ಬಂದ ಕ್ಲರ್ಕ್ ಒಂದು ದಿನ ನನ್ನನ್ನು ಕರೆದರು. "ಮಾಸ್ಟ್ರೇ, ತಂಗಿಯನ್ನು ನೋಡಿಕೊಳ್ಳುವುದು ನೀವಲ್ಲವಾ? ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಅದಕ್ಕೆ ಕಡಿತ ಉಂಟು. ಮೆಡಿಕಲ್ ಬೋರ್ಡಿನ ಸರ್ಟಿಫಿಕೇಟ್ ಬೇಕು. ಖರ್ಚು ಹೆಚ್ಚಾಗಲಿ, ಕಡಿಮೆಯಾಗಲಿ, ಕಡಿತ ಒಂದೇ."

ಖರ್ಚೆಷ್ಟೆಂದು ಕೇಳದ ಸರಕಾರವೇ? ಇದರಲ್ಲಿ ಏನೋ ಮಸಲತ್ತು ಇದೆ ಎಂದುಕೊಂಡೆ. ಕ್ಲರ್ಕರ ಮೇಲೂ ಸಂಶಯ ಬಂತು. ಆದರೂ ಆಸೆ ಎಂಬುದೊಂದು ಇದೆಯಲ್ಲ.

ಮನೆಯಲ್ಲಿ ನಾನು, ತಂಗಿ ಸುಮತಿ ಇಬ್ಬರೇ. ಸಣ್ಣ ಪ್ರಾಯದಲ್ಲಿ ಜ್ವರ ಬಂದು ಕಿವಿ ಹೋದವಳು ತುಟಿ ನೋಡಿಯೇ ಮಾತು ತಿಳಿಯುತ್ತಾಳೆ. ಹಾಗಾಗಿ ನಮ್ಮಲ್ಲಿ ಮುಖ ತಿರುಗಿಸಿ ಆಡಿದ ಮಾತಿಗೆ ಬೆಲೆಯಿಲ್ಲ. ನಾನೋ, ಪೇಪರಿನ ಮರೆಯಲ್ಲಿ ವಿಷಯ ತೆಗೆದೆ. ಅವಳು ಪೇಪರನ್ನು ಕೆಳಗೆಳೆದಳು. "ಬಾಯಿ ತೋರಿಸಿ ಹೇಳು ಅಣ್ಣ."

"ತೆರಿಗೆಯಲ್ಲಿ ರಿಯಾಯಿತಿ ಉಂಟಂತೆ. ಮೆಡಿಕಲ್ ಬೋರ್ಡಿನ ಸರ್ಟಿಫಿಕೇಟ್ ಬೇಕು, ನೀನು ನನ್ನ ಆಶ್ರಯದಲ್ಲಿ ಇರುವವಳು ಅಂತ ಬರೆದು ಕೊಡಬೇಕು," ಎಂದೆ.

ಅವಳ ಮುಖ ಸಣ್ಣದಾಯಿತು. "ನಾಳೆ ನನ್ನನ್ನು ಹೊರೆ ಅಂತ ಹೇಳಲಿಕ್ಕೆ ಇವತ್ತೇ ಕಾಗದ ಮಾಡಿಸುವುದಾ?"

ಊರನ್ನೆಲ್ಲ ಸಂಶಯಿಸುವ ನನ್ನನ್ನೇ ಒಬ್ಬರು ಸಂಶಯಿಸಿದರು, ಅದೂ ಮನೆಯವಳೇ. ಅದು ಇಷ್ಟು ನೋಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಸರ್ಟಿಫಿಕೇಟಿನ ಸುದ್ದಿಯನ್ನೇ ಬಿಟ್ಟೆ. ಅವಳು ಅನ್ನ ಬಡಿಸುತ್ತಿದ್ದಳು, ನಾನು ಬಟ್ಟಲು ನೋಡಿಕೊಂಡು ಉಣ್ಣುತ್ತಿದ್ದೆ.

ಕೊನೆಗೆ ಅವಳೇ ಒಂದು ಮಧ್ಯಾಹ್ನ ಸಾರಿನ ಸೌಟು ಹಿಡಿದು ಎದುರು ನಿಂತಳು. "ಅಲ್ಲ ಅಣ್ಣ, ಕಿವಿ ಹೋದದ್ದು ನನ್ನದು. ಅಡಿಗೆ, ಬಟ್ಟೆ, ನಿನ್ನ ಬಿಪಿ ಮಾತ್ರೆ ನೋಡುವುದು ನಾನು. ರಿಯಾಯಿತಿ ಮಾತ್ರ ನಿನಗೆ. ಹಾಗಾದರೆ ಯಾರ ಆಶ್ರಯದಲ್ಲಿ ಇರುವುದು ಯಾರು?"

ಕೈ ಪೇಪರಿನ ಕಡೆ ಹೋಯಿತು. ಹಿಂದಕ್ಕೆ ತೆಗೆದೆ. "ನಾನು ನಿನ್ನ ಆಶ್ರಯದಲ್ಲಿ," ಎಂದೆ, ಬಾಯಿ ತೋರಿಸಿ.

ಅವಳು ನನ್ನ ತುಟಿಯನ್ನೇ ನೋಡಿದಳು. ಅರ್ಥವಾಗಿತ್ತು, ಅದರಲ್ಲಿ ನನಗೆ ಸಂಶಯವೇ ಇಲ್ಲ. "ಗೊತ್ತಾಗಲಿಲ್ಲ. ಇನ್ನೊಮ್ಮೆ ಹೇಳು," ಎಂದಳು. ಹೇಳಿದೆ. "ಹಾಂ, ಬೋರ್ಡಿಗೆ ಯಾವ ದಿನ ಹೋಗುವುದು?" ಎಂದು ಸಾರು ಬಡಿಸಿದಳು.

ಈ ಫೆಬ್ರವರಿಯಲ್ಲಿ ಗಣಿತದ ಮಾಸ್ಟ್ರ ಹಾಳೆ ನೋಡದೆ ನನ್ನ ಲೆಕ್ಕ ನಾನೇ ಬರೆದೆ. ಪಕ್ಕದ ಕುರ್ಚಿಯಿಂದ ಡ್ರಾಯಿಂಗ್ ಮಾಸ್ಟ್ರು ಇಣುಕುತ್ತಿದ್ದರು. ಕೈ ಅಡ್ಡ ಹಿಡಿದೆ. ಪಾಪ, ಅವರಿಗೆ ತಂಗಿಯೂ ಇಲ್ಲ.