ಗಿಡುಗ ನೋಡಿದ ದಾರಿ

ದೆವ್ವ, ಆತ್ಮ, ಮೈಮೇಲೆ ಬರುವುದು ಇವೆಲ್ಲ ಕೆಲಸವಿಲ್ಲದವರ ಮಾತು ಅಂತ ನಾನು ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೇನೆ. ಕತ್ತಲೆ ಕೋಣೆಯಲ್ಲಿ ಕೂತು ಫೋಟೋ ತೊಳೆಯುವವನು ಕತ್ತಲೆಗೆ ಹೆದರಿದರೆ ಹೊಟ್ಟೆ ತುಂಬುವುದಿಲ್ಲ. ಈಗಲೂ ಅದನ್ನೆಲ್ಲ ನಂಬಿದ್ದೇನೆ ಅಂತ ತಿಳಿಯಬೇಡಿ. ನಡೆದದ್ದನ್ನು ಹೇಳುತ್ತೇನೆ, ಏನು ಅಂತ ನೀವೇ ಹೇಳಿ.

ಎಪ್ಪತ್ತರ ದಶಕದ ಕೊನೆಯಲ್ಲಿ ಹೊಸನಗರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇತ್ತು. ಮದುವೆ ಫೋಟೋ, ಶಾಲೆ ಮಕ್ಕಳ ಗ್ರೂಪ್ ಫೋಟೋ ಹೊಟ್ಟೆಪಾಡು. ಹುಚ್ಚು ಮಾತ್ರ ಬೇಟೆಹಕ್ಕಿಗಳ ಫೋಟೋಗಳದು. ತೀರ್ಥಹಳ್ಳಿ ಕಡೆಯ ಸರೋಜ ನನ್ನ ಕೈಹಿಡಿದ ಮೇಲೆ ಆ ಹುಚ್ಚಿನಲ್ಲಿ ಅರ್ಧ ಅವಳಿಗೂ ಅಂಟಿತು. ನಮಗೆ ಮಕ್ಕಳಿರಲಿಲ್ಲ. ಬಿಡುವಿದ್ದಾಗಲೆಲ್ಲ ಇಬ್ಬರೂ ಗುಡ್ಡ ಹತ್ತುತ್ತಿದ್ದೆವು.

ಹಾವುಗಿಡುಗ ಬಹಳ ಸಂಶಯದ ಹಕ್ಕಿ. ಗೂಡಿನ ಎದುರಿನ ಕಡಿದಾದ ದರೆಯ ಮೇಲೆ ಸೊಪ್ಪಿನ ಮರೆ ಕಟ್ಟಿದರೂ, ಮನುಷ್ಯ ಒಳಗೆ ಹೊಕ್ಕಿದ್ದನ್ನು ಕಂಡರೆ ಗೂಡಿಗೆ ಬರುವುದಿಲ್ಲ. ಅದಕ್ಕೊಂದು ಉಪಾಯವಿದೆ. ಇಬ್ಬರು ಹೋಗಬೇಕು, ಒಬ್ಬರು ಒಳಗೆ ಉಳಿದು ಇನ್ನೊಬ್ಬರು ಕಾಣುವ ಹಾಗೆ ವಾಪಸು ಹೊರಡಬೇಕು. ಹಕ್ಕಿಗೆ ಲೆಕ್ಕ ಬರುವುದಿಲ್ಲ. ಬಂದವರು ಹೋದರು ಅಂದುಕೊಂಡು ಗೂಡಿಗೆ ಇಳಿಯುತ್ತದೆ.

ವಾಪಸು ಹೋಗುವ ಕೆಲಸ ಸರೋಜಳದು. ಅವಳು ಸುಮ್ಮನೆ ಹೋಗುವವಳಲ್ಲ. ನಾನೂ ಜೊತೆಗಿದ್ದೇನೆ ಅಂತ ಹಕ್ಕಿಗೆ ಅನ್ನಿಸಲಿ ಎಂದು ಜೋರಾಗಿ ಮಾತಾಡುತ್ತ ಇಳಿಯುತ್ತಿದ್ದಳು. ಮನೆಯಲ್ಲಿ ಹೇಳಲು ಬಾಕಿ ಉಳಿದದ್ದೆಲ್ಲ ಆ ದಾರಿಯಲ್ಲಿ ಹೊರಬೀಳುತ್ತಿತ್ತು. "ಮನೇಲಿ ಅಕ್ಕಿ ಮುಗ್ದಿದೆ, ನಿಮ್ಗೆ ಗಿಡುಗನ ಹೊಟ್ಟೆದೇ ಚಿಂತೆ. ಕೇಳ್ತಾ ಇದೀರಾ? ಒಂದ್ ಹ್ಞೂಂ ಅನ್ನಕ್ಕೂ ಆಗಲ್ವಾ ಮಾರಾಯ್ರೆ?" ನಾನು ಉಸಿರೆತ್ತುವ ಹಾಗಿಲ್ಲ ಅಂತ ಗೊತ್ತಿದ್ದೇ ಕೇಳುತ್ತಿದ್ದಳು. ನಾನು ಒಳಗೆ ನಗು ತಡೆದುಕೊಂಡು ಕೂತಿರುತ್ತಿದ್ದೆ. ದಾರಿ ತಿರುಗುವಲ್ಲಿ ಒಂದು ಬಂಡೆ. ಅಲ್ಲಿ ನಿಂತು ಒಮ್ಮೆ ಹಿಂದಕ್ಕೆ ನೋಡಿ, ಸೆರಗು ಸಿಕ್ಕಿಸಿಕೊಂಡು, ಬಿದಿರುಮೆಳೆಯ ಆಚೆ ಮರೆಯಾಗುತ್ತಿದ್ದಳು.

ಫೋಟೋ ನೋಡಿ ತೀರ್ಪು ಕೊಡುವವಳೂ ಅವಳೇ. ಕತ್ತಲೆ ಕೋಣೆಯಲ್ಲಿ ನಾನು ಭೂತಗನ್ನಡಿ ಹಿಡಿದು, ಫೋಕಸ್ಸನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ತಿರುಗಿಸಿ, ಎಷ್ಟೇ ಶಾರ್ಪಾಗಿ ಪ್ರಿಂಟ್ ತೆಗೆದರೂ ಅವಳು ಪಕ್ಕಕ್ಕಿಡುತ್ತಿದ್ದಳು. "ಗರಿ ಎಲ್ಲ ಎಣಿಸ್ಬೋದು, ಕಣ್ಣು ಮಾತ್ರ ಮಂಕು" ಅನ್ನುತ್ತಿದ್ದಳು. ಗಿಡುಗ ಮರಿಗೆ ಹಾವು ಉಣಿಸುವ ಒಂದೇ ಒಂದು ಚಿತ್ರ, ಅದರಲ್ಲಿ ಕಣ್ಣು ಜೀವಂತವಾಗಿರಬೇಕು, ಅಷ್ಟೇ ನಮ್ಮಿಬ್ಬರ ಆಸೆ. ಅದು ಸಿಗುವ ಮೊದಲೇ ಒಂದು ಮಳೆಗಾಲ ಜ್ವರ ಹತ್ತಿದ್ದೇ ನೆಪವಾಗಿ ಅವಳು ಹೋಗಿಬಿಟ್ಟಳು.

ಮುಂದಿನ ಬೇಸಿಗೆಗೆ ಅದೇ ಮರದಲ್ಲಿ ಮರಿಯಾಯಿತು. ಬೇರೆ ಯಾರನ್ನಾದರೂ ಜೊತೆಗೆ ಕರೆಯಬಹುದಿತ್ತು, ಮನಸ್ಸು ಬರಲಿಲ್ಲ. ಒಬ್ಬನೇ ಹೋಗಿ ಕೂತೆ. ಗಿಡುಗ ದೂರದ ಒಣಕೊಂಬೆಯಲ್ಲಿ ಕೂತು ನನ್ನ ಮರೆಯನ್ನೇ ದುರುಗುಟ್ಟಿ ನೋಡಿತೇ ಹೊರತು ಗೂಡಿಗೆ ಬರಲಿಲ್ಲ. ಮರಿ ಹಸಿದು ಕೂಗತೊಡಗಿತು. ನಾನು ಎದ್ದು ಬಂದೆ. ಮರುದಿನವೂ ಅದೇ ಕತೆ. ಮರಿಯನ್ನು ಉಪವಾಸ ಕೆಡವಿ ಫೋಟೋ ತೆಗೆಯುವ ಪಾಪ ಬೇಡ, ನಾಳೆ ಒಂದು ದಿನ ನೋಡಿ, ಬರದಿದ್ದರೆ ಮರೆ ಕಿತ್ತು, ದೊಡ್ಡ ಲೆನ್ಸನ್ನು ಸಾಗರ ಪೇಟೆಯ ಗೆಳೆಯನೊಬ್ಬನಿಗೆ ಮಾರಿಬಿಡುವುದು ಅಂತ ನಿರ್ಧರಿಸಿದೆ. ಅವಳಿಲ್ಲದೆ ಈ ಹುಚ್ಚು ನನಗೆ ಸಾಕಾಗಿತ್ತು.

ಆ ಬೆಳಿಗ್ಗೆ ಗಿಡುಗ ಕೊಕ್ಕಿನಲ್ಲಿ ಹಾವು ಹಿಡಿದು ಅದೇ ಕೊಂಬೆಯಲ್ಲಿ ಕೂತಿತ್ತು. ನಾನು ಒಳಹೊಕ್ಕು ಕ್ಯಾಮೆರಾವನ್ನು ಕೊಂಬೆಯತ್ತ ತಿರುಗಿಸಿ, ಕಣ್ಣಿಟ್ಟು ಬಟನ್ ಒತ್ತತೊಡಗಿದೆ. ಸ್ವಲ್ಪ ಹೊತ್ತು ಮರೆಯನ್ನೇ ನೋಡುತ್ತಿದ್ದ ಹಕ್ಕಿ ನಿಧಾನವಾಗಿ ಕತ್ತು ಹೊರಳಿಸಿತು. ನೋಟ ನನ್ನ ಬೆನ್ನ ಹಿಂದಿನ ಕಾಲುದಾರಿಗೆ ಹೋಯಿತು. ಯಾರೋ ನಡೆದು ಇಳಿಯುತ್ತಿದ್ದರೆ ಹೇಗೆ ನೋಡಬೇಕೋ ಹಾಗೆಯೇ ದಾರಿಯುದ್ದಕ್ಕೂ ಸರಿಯಿತು. ಬಂಡೆಯ ನೇರಕ್ಕೆ ಬಂದಾಗ ಕತ್ತು ನಿಂತಿತು. ಮತ್ತೆ ಸರಿದು, ಬಿದಿರುಮೆಳೆಯವರೆಗೆ ಹೋಗಿ, ಅಲ್ಲಿಗೆ ಬಿಟ್ಟಿತು. ಆಮೇಲೆ ಗಿಡುಗ ಮೈಕೊಡವಿ ನೇರ ಗೂಡಿಗೆ ಹಾರಿ ಬಂತು.

ದಾರಿ ತುಂಬ ಒಣ ತರಗೆಲೆ ಬಿದ್ದಿತ್ತು. ಕೋಳಿ ನಡೆದರೂ ಸದ್ದಾಗಬೇಕು. ನನಗೆ ಏನೂ ಕೇಳಿಸಲಿಲ್ಲ. ಮರೆಯ ಹಿಂಬದಿಗೆ ಒಂದು ಕಿಂಡಿ ಇತ್ತು, ತಿರುಗಿದ್ದರೆ ದಾರಿ ಕಾಣುತ್ತಿತ್ತು. ಫೋಕಸ್ ತಪ್ಪುತ್ತದೆ ಅಂತ ತಿರುಗಲಿಲ್ಲ. ರೋಲು ಮುಗಿಯುವವರೆಗೆ ಒತ್ತುತ್ತಲೇ ಇದ್ದೆ.

ರೋಲು ತೊಳೆದು ನೋಡಿದರೆ ನನ್ನ ಭ್ರಮೆ ಅನ್ನುವ ಹಾಗೂ ಇಲ್ಲ. ಹಕ್ಕಿ ಕತ್ತು ಹೊರಳಿಸಿದ್ದು ಮೂರು ಚಿತ್ರಗಳಲ್ಲಿ ಇದೆ. ಸಾಗರದ ಗೆಳೆಯನಿಗೆ ತೋರಿಸಿದೆ. "ಎಂತದೋ ಮುಂಗುಸಿ ಹೋಗಿರ್ಬೇಕು ಮಾರಾಯ, ತಲೆ ಕೆಡಿಸ್ಕಬೇಡ" ಅಂದ. ಇರಬಹುದು. ಆದರೆ ಮುಂಗುಸಿ ಬಂಡೆಯ ಹತ್ತಿರ ನಿಂತು ಹಿಂದಕ್ಕೆ ನೋಡಿ ಹೋಗುತ್ತದೆಯೇ ಅಂತ ಅವನನ್ನು ಕೇಳಲಿಲ್ಲ.

ಲೆನ್ಸು ಮಾರಲಿಲ್ಲ. ಮರಿಗೆ ಉಣಿಸುವ ಆ ಚಿತ್ರ ದೊಡ್ಡದಾಗಿ ಗೋಡೆಯ ಮೇಲಿದೆ. ಅಷ್ಟು ಶಾರ್ಪಾದ ಕಣ್ಣು ಮೊದಲೂ ಬಂದಿಲ್ಲ, ಆಮೇಲೂ ಬಂದಿಲ್ಲ. ಬಂದವರೆಲ್ಲ ಹೊಗಳುತ್ತಾರೆ. ನಾನು ಮಾತ್ರ ಅದಕ್ಕೆ ಬೆನ್ನು ಹಾಕಿಯೇ ಕೂರುತ್ತೇನೆ. ಅಲ್ಲಿ ಯಾರಾದರೂ ಇದ್ದರೋ ಇಲ್ಲವೋ, ನನಗೆ ಇವತ್ತಿಗೂ ತಿಳಿಯದು. ಆದರೆ ಗಿಡುಗ ಹಾರಿಹೋದರೂ ಹೋಗಲಿ ಅಂತ, ಅವತ್ತು ನಾನು ಒಂದು ಸಲ ಹ್ಞೂಂ ಅನ್ನಬೇಕಿತ್ತು.