ನಾನು ಹೂ ಬರೆದ ಮಡಕೆ

ನಮ್ಮಪ್ಪ ಕೊಯಮತ್ತೂರಿನಲ್ಲಿ ವಕೀಲರಾಗಿದ್ದರು. ಎಂಬತ್ತರ ದಶಕದ ಆ ವರ್ಷಗಳಲ್ಲಿ ನಾನು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅಜ್ಜಿ ಹಟ ಹಿಡಿದು ಕನ್ನಡ ಅಕ್ಷರ ಕಲಿಸಿದ್ದರಿಂದ ಇದನ್ನು ಬರೆಯಲು ಆಗುತ್ತಿದೆ. ಬರೆಯಬೇಕಾಗಿರುವುದು ಚಂದದ ಸಂಗತಿಯೇನಲ್ಲ. ನೆನೆದರೆ ಈಗಲೂ ಬಾಯಲ್ಲಿ ಹುಳಿನೀರು ಬರುತ್ತದೆ.

ಒಂದು ಬೆಳಿಗ್ಗೆ, ಕಕ್ಷಿದಾರರು ಕೂರುವ ನಮ್ಮ ಬೆಂಚಿನ ಮೇಲೆ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಕೂತಿದ್ದಳು. ಪೆರಿಯನಾಯಕನಪಾಳ್ಯಂ ಕಡೆಯ, ತಮಿಳು ಬೆರೆಸಿ ಕನ್ನಡ ಮಾತಾಡುವ ನೇಕಾರರ ಮನೆಯವಳು, ಮಿಲ್ಲೊಂದರಲ್ಲಿ ನೂಲು ಸುತ್ತುವ ಕೆಲಸ. ನೂಲು ಕದ್ದಳೆಂದು ಮೇಸ್ತ್ರಿ ದೂರು ಕೊಟ್ಟಿದ್ದ. ಜಾಮೀನಿಗೆ ಯಾರೂ ನಿಲ್ಲದ ಕಾರಣ ಎಂಟು ತಿಂಗಳು ವಿಚಾರಣೆಯೇ ಇಲ್ಲದೆ ಜೈಲಿನಲ್ಲಿದ್ದಳು. ಕೊನೆಗೆ ಕೇಸು ಅಪ್ಪನ ಕೈಗೆ ಬಂತು, ಸಾಕ್ಷಿಯಿಲ್ಲವೆಂದು ಬಿದ್ದೂ ಹೋಯಿತು. ಉಪಕಾರ ನೆನೆಯಲು ಬಂದಿದ್ದಾಳೆ ಅಂದುಕೊಂಡು ಕಾಫಿ ತಂದುಕೊಟ್ಟೆ. ಅವಳು ಅದಕ್ಕೆ ಬಂದಿರಲಿಲ್ಲ.

"ಒಳಗೆ ಇನ್ನೂ ಆರು ಜನ ಇದ್ದಾರೆ ಸಾಮಿ. ಅವ್ರೂ ನನ್ನಂಗೇ. ಅವ್ರ್ನ ಯಾವಾಗ ಬಿಡಿಸ್ತೀರಿ?" ಎಂದು ಅಪ್ಪನನ್ನು ಕೇಳಿದಳು.

ಒಬ್ಬೊಬ್ಬರಿಗೂ ಇಬ್ಬರು ಜಾಮೀನುದಾರರು ಬೇಕು, ಅವರ ಹತ್ತಿರ ಮನೆ ಕಂದಾಯದ ರಸೀದಿ ಇರಬೇಕು ಎಂದರು ಅಪ್ಪ. ಹುಡುಕಿ ತರುತ್ತೇನೆ ಎಂದಳು. ಅವಳಿಗೆ ಓದು ಬರುತ್ತಿರಲಿಲ್ಲ. ಆರು ಜನರ ಊರು, ಬೀದಿ, ತಂದೆಯ ಹೆಸರು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಶಾಲೆಗೆ ರಜೆ ಇತ್ತು. ಬರೆದುಕೊಳ್ಳಲು ಒಬ್ಬರು ಬೇಕೆಂದು ಅಪ್ಪ ನನ್ನನ್ನೇ ಜೊತೆಗೆ ಕಳಿಸಿದರು. ಬಸ್ಸು ಹತ್ತುವ ಹೊತ್ತಿಗೆ ನಾನು ಅವಳನ್ನು ಅಕ್ಕಾ ಎನ್ನುತ್ತಿದ್ದೆ. ಅವಳು ನನ್ನನ್ನು ಅಮ್ಮಣಿ ಎನ್ನುತ್ತಿದ್ದಳು.

ಮೊದಲು ಹೋದದ್ದು ಆನೈಮಲೈಗೆ. ಒಳಗಿದ್ದ ಒಬ್ಬಳ ತಮ್ಮ ಅಲ್ಲಿ ತೆಂಗಿನ ತೋಟ ನೋಡಿಕೊಳ್ಳುತ್ತಿದ್ದ. ನಮ್ಮನ್ನು ಗೇಟಿನ ಹೊರಗೇ ನಿಲ್ಲಿಸಿ, ನನಗೆ ಅಕ್ಕ ಎಂಬುವಳೇ ಇಲ್ಲ ಎಂದ. ಆ ಊರಿನ ಮಾಸಾಣಿ ಅಮ್ಮನ ಗುಡಿಯಲ್ಲಿ ವಸ್ತು ಕಳೆದುಕೊಂಡವರು ಮೆಣಸಿನಕಾಯಿ ಅರೆದು ಕಲ್ಲಿಗೆ ಹಚ್ಚುತ್ತಾರೆ, ಕದ್ದವರ ಮೈ ಉರಿಯಲಿ ಅಂತ. ಅವನ ಅಕ್ಕನ ಮೇಲೆ ದೂರು ಕೊಟ್ಟ ಮನೆಯವರು ಅದನ್ನೂ ಮಾಡಿದ್ದರಂತೆ. ಅಮ್ಮನೇ ತೀರ್ಪು ಕೊಟ್ಟಮೇಲೆ ನಾನು ಹೋಗಿ ರುಜು ಹಾಕಲೇ ಎಂದು ಕೇಳಿದ. ಮಾತು ಮುಗಿಸಿ, ನನ್ನ ಜೊತೆಗಿದ್ದ ಅಕ್ಕ ನಿಂತಿದ್ದ ಜಾಗಕ್ಕೆ, ಮೈಲಿಗೆ ತೊಳೆಯುವವನ ಹಾಗೆ, ಎಳನೀರಿನ ಬುರುಡೆಯಿಂದ ನೀರು ಚೆಲ್ಲಿದ.

ವಾಪಸು ಬರುವ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಕೂತಳು. ಪೊಳ್ಳಾಚಿ ದಾಟಿದ ಮೇಲೆ, "ಇವ್ರಿಗೆ ಬಾಯಲ್ಲಿ ಹೇಳಿದ್ರೆ ಆಗಲ್ಲ ಅಮ್ಮಣಿ, ತೋರಿಸ್ಬೇಕು" ಎಂದಳು.

ಹಾಗೆ ಶುರುವಾಯಿತು ನಮ್ಮ ಕೂಟ. ಅಪ್ಪನ ಪರಿಚಯದ ಕಾಲೇಜು ಮೇಷ್ಟರೊಬ್ಬರು ಬೀದಿ ನಾಟಕ ಆಡಿಸುತ್ತಿದ್ದರು, ಅವರು ಬಂದರು. ಸಿನಿಮಾ ಬ್ಯಾನರ್ ಬರೆಯುವ ಒಬ್ಬ ಪೇಂಟರ್ ಬಂದ. ಮಿಲ್ಲಿನ ಸಂಘದ ಮೂವರು, ಅಕ್ಕನ ಬೀದಿಯ ನಾಲ್ಕು ಹೆಂಗಸರು. ಮುಚ್ಚಿಹೋಗಿದ್ದ ಮಗ್ಗದ ಕೊಟ್ಟಿಗೆಯಲ್ಲಿ ಭಾನುವಾರ ಮಧ್ಯಾಹ್ನ ಸೇರುತ್ತಿದ್ದೆವು. ನಾನೂ ಪೇಂಟರೂ ಪರದೆ ಬರೆದೆವು. ಮೇಷ್ಟರು ಮಾತು ಬರೆದರು, ಜೈಲೇ ಬೇಡ ಎಂಬುದು ನಾಟಕದ ತಿರುಳು. ಅಕ್ಕ ತನ್ನ ಪಾತ್ರ ತಾನೇ ಮಾಡಿದಳು.

ಒಂದು ದಿನ ಸಂಘದವನೊಬ್ಬ, ಜೈಲೇ ಬೇಡ ಅಂದರೆ ಕಳ್ಳರನ್ನು ಎಲ್ಲಿಡೋದು ಎಂದು ಕೇಳಿದ. ಮೇಷ್ಟರು ದೊಡ್ಡ ಉತ್ತರಕ್ಕೆ ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಅಕ್ಕ, "ನನ್ ವಸ್ತು ಯಾರಾದ್ರೂ ಎತ್ಕೊಂಡ್ರೆ ಅದು ನಂಗೆ ವಾಪಸ್ ಬರ್ಬೇಕು. ಅವ್ಳ್ನ ಕೊಂಡೋಗಿ ಮಡಕೆ ಪಕ್ಕ ಕೂರಿಸಿದ್ರೆ ನಂಗೇನ್ ಬಂತು?" ಎಂದಳು.

ಮಡಕೆ ಎಂದರೆ ಏನೆಂದು ಅವತ್ತೇ ನಮಗೆ ತಿಳಿದದ್ದು. ಸಂಜೆ ಬೀಗ ಹಾಕಿದರೆ ಮತ್ತೆ ತೆಗೆಯುವುದು ಬೆಳಿಗ್ಗೆ. ಏಳು ಹೆಂಗಸರಿಗೆ ಒಂದು ಕೋಣೆ, ಮೂಲೆಯಲ್ಲಿ ಒಂದು ಮಣ್ಣಿನ ಮಡಕೆ. ಎಲ್ಲದಕ್ಕೂ ಅದೇ. ರಾತ್ರಿಯ ಸೋರನ್ನು, ಅಂದರೆ ಅನ್ನವನ್ನು, ಅದರ ಪಕ್ಕದಲ್ಲೇ ಉಣ್ಣಬೇಕು. ಅಕ್ಕ ಅದನ್ನು ಹೇಳಲಿಲ್ಲ, ಮಾಡಿ ತೋರಿಸಿದಳು. ಮಡಕೆಗೆ ಬೆನ್ನು ಮಾಡಿ, ಗೋಡೆಗೆ ಹಣೆ ತಾಗುವಷ್ಟು ಹತ್ತಿರ ಕೂತು, ಎಡಗೈಯಿಂದ ಮೂಗು ಮುಚ್ಚಿಕೊಂಡು ಬಲಗೈಯಿಂದ ಬೇಗ ಬೇಗ ಉಂಡಳು. ನಾಟಕದಲ್ಲಿ ಮಾತೇ ಇಲ್ಲದ ಭಾಗ ಅದೊಂದೇ. ಕುನ್ನತ್ತೂರಿನ ಸಂತೆಯಲ್ಲಿ ಆಡಿದಾಗ ಕಡಲೆಕಾಯಿ ತಿನ್ನುತ್ತಿದ್ದವರು ಪೊಟ್ಟಣ ಕೆಳಗಿಟ್ಟರು. ಒಬ್ಬ ಮುದುಕ ಎದ್ದು ಹೋಗಿ ಬೇಲಿಯ ಹತ್ತಿರ ಉಗಿದ. ಆಮೇಲೆ ಅವನೇ ಬಂದು, ನನ್ನ ಹತ್ತಿರ ಮನೆ ರಸೀದಿ ಇದೆ, ಎಲ್ಲಿ ರುಜು ಹಾಕಬೇಕು ಎಂದು ಕೇಳಿದ. ಆ ಊರಿನವರ ಜಾಮೀನಿನಿಂದಲೇ ಇಬ್ಬರು ಹೆಂಗಸರು ಬಿಡುಗಡೆಯಾದರು.

ಸುದ್ದಿ ಪಟ್ಟಣಕ್ಕೆ ಬಂತು. ದೊಡ್ಡವರ ಕ್ಲಬ್ಬೊಂದು ತಮ್ಮ ಹಾಲ್‌ನಲ್ಲಿ ನಾಟಕ ಆಡಿಸುವುದಾಗಿ ಹೇಳಿಕಳಿಸಿತು. ಮಿಲ್ ಮಾಲೀಕರೊಬ್ಬರು ಅದರ ಅಧ್ಯಕ್ಷರು. ಹೆಂಗಸರ ಕೋಣೆಗೆ ಕಕ್ಕಸು ಕಟ್ಟಿಸಿಕೊಡುತ್ತಾರಂತೆ. ಆದರೆ ಬರುವವರು ಕುಟುಂಬ ಸಮೇತ ಬರುತ್ತಾರೆ, ಆ ಮಡಕೆಯ ಭಾಗವನ್ನು ಸ್ವಲ್ಪ ನಯ ಮಾಡಬೇಕು, ಅಕ್ಕನ ತಮಿಳು ಕೇಳಿ ಜನ ನಗಬಾರದು, ಅವಳ ಪಾತ್ರವನ್ನು ಕಾಲೇಜಿನ ಹುಡುಗಿ ಮಾಡಲಿ. ಇದನ್ನೆಲ್ಲ ಮೇಷ್ಟರು ನಮ್ಮ ಹಜಾರದಲ್ಲಿ ಕೂತು ಬಹಳ ಮೆತ್ತಗೆ ಹೇಳಿದರು. ಅಕ್ಕನಿಗೆ ವೇದಿಕೆಯ ಮೇಲೆ ಶಾಲು ಹೊದಿಸುವುದಿತ್ತು.

"ಇದ್ದದ್ದು ಇದ್ದಂಗೆ ತೋರಿಸಿದ್ರೆ ನೋಡೋರಿಗೆ ಹೇಸಿಗೆ ಆಗುತ್ತಮ್ಮಾ" ಎಂದರು ಮೇಷ್ಟರು.

"ಆಗ್ಲಿ ಸಾರ್. ಎಂಟು ತಿಂಗ್ಳು ನಂಗೂ ಆಯ್ತು."

"ಕಕ್ಕಸು ಕಟ್ಟಿಸ್ತಾರಲ್ಲ, ಅದು ಬೇಡವಾ?"

"ಕಟ್ಲಿ, ನಲ್ಲದೇ, ಒಳ್ಳೇದೇ. ಕಕ್ಕಸು ಇದೆ ಅಂತ ಇನ್ನೂ ಎಂಟು ತಿಂಗ್ಳು ಕೂರಿಸ್ತಾರೆ. ನಾವು ಕೇಳಿದ್ದು ಅದಾ? ಆ ಜೈಲುಮನೆಯೇ ಬೇಡ, ವೇಣಾಂ ಅಂತ ಅಲ್ವಾ?"

ಕ್ಲಬ್ಬಿನ ಮಾತಿಗೆ ಒಪ್ಪುವವರು ಯಾರೆಂದು ಮೇಷ್ಟರು ಕೈ ಎತ್ತಿಸಿದರು. ಅಪ್ಪ ಎತ್ತಿದರು. ಸಂಘದವರಲ್ಲಿ ಇಬ್ಬರು ಎತ್ತಿದರು. ನಾನೂ ಎತ್ತಿದೆ. ನಮ್ಮ ಶಾಲೆಯ ಹೆಡ್‌ಮಿಸ್ ಆ ಕ್ಲಬ್ಬಿನ ಸದಸ್ಯರ ಮನೆಯವರು, ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಇದನ್ನು ನೆಪವೆಂದು ಬರೆಯುತ್ತಿಲ್ಲ, ನಡೆದದ್ದನ್ನು ಬರೆಯುತ್ತಿದ್ದೇನೆ. ಪೇಂಟರ್ ಕೈ ಎತ್ತಲಿಲ್ಲ. ಅವತ್ತೇ ತನ್ನ ಬ್ರಷ್‌ಗಳನ್ನು ಸುತ್ತಿಕೊಂಡು ಹೋದ.

ಹೀಗಾಗಿ ಹೊಸ ಮಡಕೆಯ ಕೆಲಸ ನನಗೊಬ್ಬಳಿಗೇ ಬಂತು. ವೇದಿಕೆಯ ಮೇಲೆ ಕುಡಿಯುವ ನೀರಿನ ಮಡಕೆಯ ಹಾಗೆ ಕಾಣಲಿ ಎಂದಿದ್ದರು ಮೇಷ್ಟರು. ಕಾವಿ ಬಳಿದು, ಕುತ್ತಿಗೆಯ ಸುತ್ತ ಬಿಳಿ ಹೂ ಬರೆದೆ. ಚೆನ್ನಾಗಿಯೇ ಬಂತು. ಹಾಲ್‌ನಲ್ಲಿ ಹುಡುಗಿ ಗಂಜಿ ಹಾಕಿದ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಆ ಮಡಕೆಯನ್ನು ತಬ್ಬಿಕೊಂಡು ಅಳುವ ಹಾಗೆ ಮೇಷ್ಟರು ಬದಲಿಸಿದ್ದರು. ಮುಂದಿನ ಸಾಲಿನ ಹೆಂಗಸರು ಕರ್ಚೀಫಿನಿಂದ ಕಣ್ಣೊತ್ತಿಕೊಂಡರು. ಅಧ್ಯಕ್ಷರು ಕಲೆಯ ಬಗ್ಗೆ, ಕರುಣೆಯ ಬಗ್ಗೆ ಮಾತಾಡಿದರು. ಒಳಗಿರುವ ಹೆಂಗಸರಿಗೆ ಹೊಲಿಗೆ ಕಲಿಸಬೇಕೆಂದರು. ಬಿಡಬೇಕೆಂದು ಯಾರೂ ಅನ್ನಲಿಲ್ಲ. ಅಕ್ಕ ಶಾಲು ಹೊದಿಸಿಕೊಂಡು ಕೈಮುಗಿದು ಕೆಳಗಿಳಿದಳು.

ಆಮೇಲೆ ಊಟ. ಮೇಜಿನ ಮೇಲೆ ಎಲೆ, ಜಿಲೇಬಿ, ಮೂರು ಥರದ ಅನ್ನ. ಅಕ್ಕ ಎಲ್ಲಿ ಎಂದು ನೋಡಿದೆ. ಅವಳು ತಟ್ಟೆಯೊಂದರಲ್ಲಿ ಅನ್ನ ಹಾಕಿಸಿಕೊಂಡು, ಹಾಲ್‌ನ ಕೊನೆಯಲ್ಲಿ ನೆಲದ ಮೇಲೆ, ಎಲ್ಲರಿಗೂ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ಎಡಗೈ ಮೂಗಿನ ಮೇಲಿತ್ತು. ನಟನೆಯಲ್ಲ ಅದು, ಅವಳಿಗೇ ಗೊತ್ತಿರಲಿಲ್ಲ. ನನ್ನ ಪಕ್ಕದಲ್ಲಿದ್ದ ಒಬ್ಬಾಕೆ ಅವಳನ್ನು ನೋಡಿ, ಪಾಪ, ಎಷ್ಟು ಸಂಕೋಚ ಎಂದು ಜಿಲೇಬಿ ಮುರಿದರು. ನಾನು ಕೈತೊಳೆಯುವ ಕಡೆ ಹೋಗಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಕೊಂಡೆ. ಪಾಕದ ವಾಸನೆ, ಸೆಂಟಿನ ವಾಸನೆ, ನನ್ನ ಬೆರಳಿಗೆ ಅಂಟಿದ್ದ ಟರ್ಪೆಂಟೈನ್ ವಾಸನೆ. ಸೋಪು ಹಾಕಿ ಉಜ್ಜಿದರೂ ಹೋಗಲಿಲ್ಲ.

ಮರುವಾರ ಪೆರಿಯನಾಯಕನಪಾಳ್ಯಂಗೆ ಹೋಗಿ ತಪ್ಪಾಯಿತು ಎಂದೆ. ಅಕ್ಕ ಮಗ್ಗದ ಕಂಡಿಗೆಗೆ ನೂಲು ಸುತ್ತುತ್ತಿದ್ದಳು. ಸಮಾಧಾನ ಹೇಳಲಿಲ್ಲ.

"ನೀವು ಕೈ ಎತ್ತಿದ್ದು ನಾ ನೋಡ್ದೆ ಅಮ್ಮಣಿ. ಮರೆಯಕ್ಕಾಗಲ್ಲ. ಬೇಸ್ತವಾರ ಅನ್ನೂರಲ್ಲಿ ಆಡ್ಬೇಕು, ಆಳು ಸಾಲ್ದು. ಬರ್ತೀರಾ, ಇಲ್ವಾ?"

ಹೋದೆ. ಮೇಷ್ಟರು ಇಲ್ಲದೆ, ಹಾಲ್ ಇಲ್ಲದೆ, ಅಕ್ಕ, ಪೇಂಟರ್, ಬೀದಿಯ ಇಬ್ಬರು ಹೆಂಗಸರು ಮತ್ತು ನಾನು ಎರಡು ವರ್ಷ ಆಡಿದೆವು. ಅಪ್ಪ ಕೋರ್ಟಿನ ಕೆಲಸ ಬಿಡದೆ ಮಾಡಿಕೊಟ್ಟರು, ಆ ಕೈ ಎತ್ತಿದ್ದರ ಮಾತು ಮಾತ್ರ ನಾವಿಬ್ಬರೂ ಒಮ್ಮೆಯೂ ಎತ್ತಲಿಲ್ಲ. ಕ್ಲಬ್ಬಿನವರು ಕಕ್ಕಸು ಕಟ್ಟಿಸಿದರು. ಅದರ ಗೋಡೆಗೆ ತಮ್ಮ ಹೆಸರಿನ ಕಲ್ಲು ಹಾಕಿಸಿದರು. ಜೈಲಿನವರು ಆ ಕೋಣೆಗೆ ಇನ್ನೂ ಐದು ಹೆಂಗಸರನ್ನು ಸೇರಿಸಿದರು ಎಂದು ಹೊರಬಂದವಳೊಬ್ಬಳು ಹೇಳಿದಳು.

ಆರರಲ್ಲಿ ಕೊನೆಗೆ ಬಿಡುಗಡೆಯಾದವಳು ಆನೈಮಲೈಯವಳು. ಜೈಲಿನ ಬಾಗಿಲಿಗೆ ತಮ್ಮ ಬರಲಿಲ್ಲ. ಅವಳು ರಸ್ತೆಯಲ್ಲಿ ನಿಂತು ಎರಡೂ ಕಡೆ ನೋಡಿದಳು. ಅಕ್ಕ ಅವಳ ಗಂಟು ತೆಗೆದುಕೊಂಡು, ತನ್ನ ಊರಿನ ಮೇಲೆ ಹೋಗುವ ಮೇಟ್ಟುಪಾಳ್ಯಂ ಬಸ್ಸಿಗೆ ಕೈ ಅಡ್ಡ ಹಿಡಿದಳು.